ಆಡಿನ ಮರಿಯ ಪಾಲಿನ ಸೊಪ್ಪು

ಗಾದೆಮ್ಮನ ಕೈಗೆ ಒಂದು ಸೇರು ಹುರುಳಿಕಾಳು ಕೊಟ್ಟು ನೋಡಬೇಕು. ಮೊದಲ ದಿನ ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು. ಬಸಿದ ಕಾಳಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಪಲ್ಯ. ಮರುದಿನ ಅದೇ ಸಾರು ಕುದ್ದು ಕುದ್ದು ಗಟ್ಟಿಯಾಗಿ, ನಿನ್ನೆಗಿಂತ ಇವತ್ತೇ ರುಚಿ ಅನ್ನಿಸಿಕೊಳ್ಳುತ್ತದೆ. ಮೂರನೆಯ ದಿನಕ್ಕೆ ಇನ್ನೇನು ಉಳಿದೀತು ಎಂದು ನೀವು ಅಂದುಕೊಳ್ಳುವಷ್ಟರಲ್ಲಿ, ಮೊದಲೇ ಎತ್ತಿಟ್ಟ ಒಂದು ಹಿಡಿ ಕಾಳು ಒದ್ದೆ ಬಟ್ಟೆಯ ಗಂಟಿನಲ್ಲಿ ಮೊಳಕೆ ಒಡೆದು ಕೂತಿರುತ್ತದೆ.

ಸಂತೆಗೆ ಹೋಗುವುದರಲ್ಲೂ ಆಕೆಯದು ಬೇರೆಯೇ ಲೆಕ್ಕ. ಊರಿನ ಹೆಂಗಸರು ಬೆಳಿಗ್ಗೆಯೇ ಹಗರಿಬೊಮ್ಮನಹಳ್ಳಿಗೆ ಹೋಗಿ ಚೌಕಾಶಿ ಮಾಡಿ ಗಂಟಲು ಒಣಗಿಸಿಕೊಂಡು ಬಂದರೆ, ಈಕೆ ಹೊರಡುವುದೇ ವ್ಯಾಪಾರಿಗಳು ತಾಡಪಾಲು ಮಡಚುವ ಹೊತ್ತಿಗೆ. ಮೆತ್ತಗಾದ ಟೊಮೆಟೊ, ಬಾಡಿದ ಮೆಂತ್ಯ, ಸೊಟ್ಟ ಮುಳ್ಳುಗಾಯಿ, ಎಂದರೆ ಬದನೆಕಾಯಿ. "ಒಯ್ಯಬೇ, ಎಷ್ಟರ ಕೊಡು, ಇವನ್ನ ಮತ್ತ ಗಾಡಿಗೆ ಹೇರೋರು ಯಾರು" ಎಂದು ಅವರೇ ಚೀಲಕ್ಕೆ ಸುರಿದು ಕಳಿಸುತ್ತಾರೆ. ಮುಳ್ಳುಗಾಯಿ ಸೊಟ್ಟಗಿದ್ದರೇನು, ಎಣ್ಣೆಗಾಯಿ ಆದ ಮೇಲೆ ನೆಟ್ಟಗಿತ್ತೋ ಸೊಟ್ಟಗಿತ್ತೋ ಎಂದು ಕೇಳುವವರು ಯಾರು?

ತಂಬ್ರಹಳ್ಳಿಯ ಆಚೆ ಒಂದು ಸಣ್ಣ ಊರು ಆಕೆಯದು. ಗಂಡ ಯರ್ರಿಸ್ವಾಮಿ ನಲವತ್ತು ಕುರಿಗಳ ಹಿಂದೆ ಊರೂರು ತಿರುಗುವವನು. ಮಗಳು ಕೀರ್ತನಾ ಪಿಯುಸಿಗೆಂದು ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ಉಳಿದವರು ಅತ್ತೆ ಮಾಳಮ್ಮ, ಒಂದು ಆಡು, ಅದರ ಮರಿ. ಮಳೆ ನಂಬಿದ ಒಂದೂವರೆ ಎಕರೆ ಹೊಲ. ಬರುವ ದುಡ್ಡು ಹೋಗುವ ದುಡ್ಡನ್ನು ಎಂದೂ ಹಿಡಿದದ್ದಿಲ್ಲ. ಆದರೂ ಆ ಮನೆಯಲ್ಲಿ ತಟ್ಟೆ ಮುಂದೆ ಕೂತವರು ಸಾಕು ಸಾಕು ಎಂದು ಕೈ ಅಡ್ಡ ಹಿಡಿಯಬೇಕು. ಅಲ್ಲಿಯವರೆಗೆ ಗಾದೆಮ್ಮನ ಸೌಟಿಗೆ ಸಮಾಧಾನವಿಲ್ಲ.

ಇಂಥ ಗಾದೆಮ್ಮನಿಗೆ ಕಳೆದ ಮುಂಗಾರಿನ ಒಂದು ಸೋಮವಾರ ಎಂಥ ಗತಿ ಬಂತು ಎನ್ನುವುದನ್ನು ಹೇಳದಿದ್ದರೆ ಆಕೆಯ ಕತೆ ಹೇಳಿದಂತಾಗುವುದಿಲ್ಲ.

ಕೂಲಿಯಾಳು ಹಿಡಿಯುವ ಶಕ್ತಿ ಇಲ್ಲದವರು ಈ ಕಡೆ ಮುಯ್ಯಾಳು ಕಟ್ಟಿಕೊಳ್ಳುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತೇ ಇಲ್ಲ. ಆದರೆ ಯಾರ ಹೊಲದಲ್ಲಿ ಕೆಲಸವೋ ಮಧ್ಯಾಹ್ನದ ಊಟ ಅವರದು. ಮುಯ್ಯಿಗೆ ಬಂದವರು ಬುತ್ತಿ ಕಟ್ಟಿಕೊಂಡು ಬಂದರೆ ಹೊಲದವರಿಗೆ ಅವಮಾನ. ಅವರಿಂದ ಅಡುಗೆ ಸಾಮಾನು ತರಿಸಿದರಂತೂ ಮುಖ ಎತ್ತಿ ತಿರುಗುವ ಹಾಗಿಲ್ಲ. ಕಳೆ ಹೇಗೆ ಕಿತ್ತರು ಎನ್ನುವುದನ್ನು ವಾರಕ್ಕೆ ಮರೆಯುತ್ತಾರೆ. ಊಟಕ್ಕೆ ಏನು ಹಾಕಿದರು ಎನ್ನುವುದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ಗಾದೆಮ್ಮ ಇದ್ದ ಗುಂಪಿಗೆ ಎರ್ರಮ್ಮನೇ ಯಜಮಾನಿ. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಬಾಯಿ ಕೈಗಿಂತ ಜೋರು. ಹೋದ ವರ್ಷ ಸುಜಾತಾ ಎಂಬಾಕೆ ನೀರು ಸಾರು ಬಡಿಸಿದಳೆಂದು, "ನಿನ್ನ ಸಾರಿನಾಗ ನನ್ನ ಮಾರಿ ಕಾಣಾಕತ್ತೈತಿ" ಎಂದು ಎಲ್ಲರೆದುರೇ ಅಂದು, ಈ ವರ್ಷ ಆಕೆಯನ್ನು ಗುಂಪಿಗೆ ಕರೆದೇ ಇರಲಿಲ್ಲ. ಪಾಪ, ಸುಜಾತಾ ಕೂಲಿ ಕೊಟ್ಟು ಕಳೆ ತೆಗೆಸುತ್ತಿದ್ದಳು. ಗಾದೆಮ್ಮನ ಮಟ್ಟಿಗೆ ಹೇಳುವುದಾದರೆ, ಕೂಲಿ ಕೊಟ್ಟು ಕಳೆ ತೆಗೆಸುವುದಕ್ಕಿಂತ ಶೇಂಗಾ ಬಿತ್ತದೇ ಇರುವುದು ಲೇಸು. ಗುಂಪು ಬಿಟ್ಟರೆ ಹೊಲ ಬಿಟ್ಟಂತೆ.

ಅದರ ಮೇಲೆ ಹಿಂದಿನ ವಾರ ಎರ್ರಮ್ಮನ ಉಳ್ಳಾಗಡ್ಡಿ ಹೊಲದಲ್ಲಿ ಮುಯ್ಯಾಳುಗಳಿಗೆ ಹೋಳಿಗೆ ಊಟ ಆಗಿತ್ತು. ಹೋಳಿಗೆ! ಕಳೆ ಕೀಳಲು ಬಂದವರಿಗೆ!

ಗಾದೆಮ್ಮ ತನ್ನ ಹೊಲಕ್ಕೆ ಸೋಮವಾರ ಗೊತ್ತು ಮಾಡಿದಳು. ಸೋಮವಾರ ಬಸವಣ್ಣನ ದಿನ, ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ, ಹೆಂಗಸರಿಗೂ ಬೇರೆ ಕೆಲಸದ ಗಡಿಬಿಡಿ ಇರುವುದಿಲ್ಲ. ಎರ್ರಮ್ಮ ಸೇರಿ ಹತ್ತು ಜನ. ನಸುಕಿನಲ್ಲೇ ಎದ್ದು ನಲವತ್ತು ಜೋಳದ ರೊಟ್ಟಿ ಬಡಿದಳು, ತೆಳ್ಳಗೆ, ಒಂದೂ ಹರಿಯದ ಹಾಗೆ. ಹುರುಳಿಕಾಳು ಬೇಯಿಸಿದಳು. ಗುರೆಳ್ಳು ಪುಡಿ ಕುಟ್ಟಿದಳು. ಹೋಳಿಗೆ ಅಲ್ಲದಿದ್ದರೂ ತಲೆಗೆ ಮೂರು ರೊಟ್ಟಿ, ಕಟ್ಟಿನ ಸಾರು, ಕಾಳು ಪಲ್ಯ. ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಆಡಿನ ಮರಿ ಹಿಡಿದ ಅತ್ತೆಯ ಜೊತೆ ಹೊಲಕ್ಕೆ ನಡೆಯುವಾಗ ಆಕೆಗೆ ಹಾಡು ಬರುತ್ತಿತ್ತು.

ಹೆಂಗಸರು ಸಾಲು ಹಿಡಿದರು. ಎರ್ರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊಲದ ಉದ್ದಕ್ಕೂ ಕಣ್ಣಾಡಿಸಿದಳು.

"ಏನಬೇ ಗಾದೆಮ್ಮ, ಶೇಂಗಾ ಬಿತ್ತಿಯೋ ಕಸ ಬಿತ್ತಿಯೋ? ಶೇಂಗಾ ಹುಡುಕಾಕ ಬ್ಯಾಟರಿ ಬೇಕಾಗೇತಿ!"

"ಕಳಿ ಔಷಧ ಹೊಡಿಯಾಕ ರೊಕ್ಕ ಎಲ್ಲೈತಕ್ಕಾ" ಎಂದಳು ಗಾದೆಮ್ಮ. "ನಿಮ್ಮ ಕೈಯಾಗಿನ ಕುರ್ಚಿಗಿನ ನಮಗ ಔಷಧ."

ಕುರ್ಚಿಗೆ ಎಂದರೆ ಕಳೆ ತೆಗೆಯುವ ಸಣ್ಣ ಕುಡುಗೋಲು. ಹತ್ತು ಕುರ್ಚಿಗೆಗಳು ಸರಸರ ಓಡತೊಡಗಿದವು. ಎರಡು ದಿನದಲ್ಲಿ ಮಳೆ ಎಂದು ಮೊಬೈಲಿನಲ್ಲಿ ಬಂದಿತ್ತು. ಶೇಂಗಾ ಹೂ ಬಿಡುತ್ತಿತ್ತು. ಮಳೆ ಬಿದ್ದು ನೆಲ ಹಸಿಯಾದ ಮೇಲೆ ಕೈ ಹಾಕುವ ಹಾಗಿಲ್ಲ. ಇವತ್ತು ಆದಷ್ಟೇ ಆಯಿತು.

ಒಂದು ತಾಸು ಕಳೆದಿತ್ತೋ ಇಲ್ಲವೋ, ಪಕ್ಕದಲ್ಲಿ ಉಳದೆ ಬಿಟ್ಟಿದ್ದ ಬೀಡಿನ ಕಡೆಯಿಂದ ಧೂಳೆದ್ದಿತು. ಧೂಳಿನ ಹಿಂದೆ ಕುರಿ. ಕುರಿಗಳ ಹಿಂದೆ ಯರ್ರಿಸ್ವಾಮಿ. ಗಂಡ ಬಂದನಲ್ಲ ಎಂದು ಗಾದೆಮ್ಮನ ಮುಖ ಅರಳಿತು. ಅವನ ಹಿಂದೆ ಇನ್ನೂ ಗಂಡಸರು ಬರುತ್ತಿದ್ದರು. ಒಬ್ಬ, ಇಬ್ಬರು, ನಾಲ್ವರು. ಒಟ್ಟು ಒಂಬತ್ತು ಜನ. ಎಲ್ಲರ ಸೊಂಟದಲ್ಲೂ ಉಣ್ಣೆ ಕತ್ತರಿ.

"ಏ ಗಾದೀ" ಎಂದು ಯರ್ರಿಸ್ವಾಮಿ ದೂರದಿಂದಲೇ ಹಲ್ಲು ಬಿಟ್ಟ. "ಮಳಿ ಹಿಡಿಯೂದರಾಗ ಉಣ್ಣಿ ಇಳಿಸಿಬಿಡಾಮಂತ. ಸೋಮವಾರ ನೋಡು, ಎತ್ತು ಹೂಡಾಂಗಿಲ್ಲ, ಎಲ್ಲಾರೂ ಖಾಲಿ ಇರ್ತಾರ. ಮುಯ್ಯಿ ಕರಕೊಂಡು ಬಂದೀನಿ!"

ಗಾದೆಮ್ಮನ ಅರಳಿದ ಮುಖ ಬಾಡಿತು. ಕುರಿಗಾರರಲ್ಲೂ ಮುಯ್ಯಿ ಉಂಟು: ನಿನ್ನ ಕುರಿಯ ಉಣ್ಣೆ ನಾನು ಕತ್ತರಿಸಿದರೆ ನನ್ನ ಕುರಿಯದು ನೀನು. ಊಟ ಕುರಿಯ ಒಡೆಯನದು. ಗಂಡ ಹೆಂಡತಿ ಇಬ್ಬರೂ ಬಸವಣ್ಣನ ಮೇಲೆ ಭಾರ ಹಾಕಿ ಒಂದೇ ಸೋಮವಾರ ಹಿಡಿದಿದ್ದರು, ಒಬ್ಬರಿಗೊಬ್ಬರು ಒಂದು ಮಾತು ಹೇಳದೆ.

"ಏನ್ರೀ, ಒಂದು ಫೋನ್ ಮಾಡಬಾರದಾ?"

"ಚಾರ್ಜ್ ಎಲ್ಲೈತಿ? ಅಡವ್ಯಾಗ ಕರೆಂಟ್ ಹಾಕಿಸಿ ಕೊಟ್ಟೀಯೇನು?" ಎಂದು ನಕ್ಕು ಅವನು ಕುರಿ ತರುಬಲು ಹೋದ. ಗಂಡಸರ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿಯಿತು. ಊಟ ಎನ್ನುವುದು ಮಧ್ಯಾಹ್ನವಾದರೆ ತಾನಾಗಿ ಮರದ ಕೆಳಗೆ ಬಂದು ಕೂರುವ ವಸ್ತು ಎಂದು ಅವರು ತಿಳಿದಿರುತ್ತಾರೆ.

ಗಾದೆಮ್ಮ ಬೇವಿನ ಮರದ ಕೆಳಗೆ ಬುಟ್ಟಿಯ ಮುಂದೆ ನಿಂತಳು. ಹೆಂಗಸರು ಹತ್ತು, ಗಂಡಸರು ಒಂಬತ್ತು, ಮನೆಯವರು ಮೂವರು. ನಲವತ್ತು ರೊಟ್ಟಿ. ಗಂಡಸರ ನಡುವೆ ಬೈಕು ತಳ್ಳಿಕೊಂಡು ಬಂದ ಬೀರಲಿಂಗೇಶ ಬೇರೆ ಇದ್ದ. ಮದುವೆ ಮನೆಗಳಲ್ಲಿ ಅವನ ಸಾಲಿಗೆ ಬಡಿಸಲು ಇಬ್ಬರು ಬೇಕು ಎಂದು ಹೆಸರಾದವನು. ಒಂದೇ ಸಮಾಧಾನವೆಂದರೆ ಸೋಮವಾರ, ಬಾಡೂಟ ಕೇಳುವ ಹಾಗಿಲ್ಲ.

"ಅತ್ತೀ, ಏನು ಮಾಡ್ಲಿ?"

ಮಾಳಮ್ಮ ಮರಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತಿದ್ದಳು. "ಮನ್ಯಾಗ ಏನೈತಿ?"

"ರೇಷನ್ ಅಕ್ಕಿ ಐತಿ. ಎರಡು ಸೇರು ರಾಗಿ ಹಿಟ್ಟು."

"ಮುದ್ದಿ ಕೂಡಿಸು. ಮುದ್ದಿ ಹೊಟ್ಟಿ ಹಿಡಿತೈತಿ."

"ಮುದ್ದಿಗೆ ಸಾರು? ಇರೋ ಸಾರಿಗೆ ನೀರು ಹಾಕಿದ್ರ ಎರ್ರಮ್ಮಕ್ಕ ಅದರಾಗ ಮಾರಿ ನೋಡಿಕೊಂತಾಳ!"

ಮುದುಕಿ ಹೊಲದ ಬದುವಿನ ಕಡೆ ನೋಡುತ್ತಿದ್ದಳು. ಅಲ್ಲಿ ಹೆಂಗಸರು ಕಿತ್ತೆಸೆದ ಕಳೆಯ ಗುಡ್ಡೆ. ಗಾದೆಮ್ಮನೂ ನೋಡಿದಳು. ಕಿರಕಸಾಲಿ! ಗೋಳಿ! ಅಣ್ಣಿ ಸೊಪ್ಪು! ಔಷಧ ಕಾಣದ ಹೊಲ, ಮಳೆ ಕಂಡ ನೆಲ. ಸೊಪ್ಪು ಕೊಬ್ಬಿ ನಿಂತಿತ್ತು. ಸಂತೆಯಲ್ಲಿ ಕಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟರೂ ಇಂಥದ್ದು ಸಿಗುವುದಿಲ್ಲ. ಇಷ್ಟು ಹೊತ್ತು ತಾನೇ ಅದನ್ನು ಕಸ ಕಸ ಎಂದು ಬೈಯುತ್ತಿದ್ದೆನಲ್ಲ! ಗಾದೆಮ್ಮನಿಗೆ ಕುಣಿಯಬೇಕು ಅನ್ನಿಸಿತು.

ಕುಣಿಯುವ ಮೊದಲೇ ಇನ್ನೊಂದು ಯೋಚನೆ ಬಂತು. ಮುಯ್ಯಿಗೆ ಬಂದವರ ಕೈಯಲ್ಲೇ ಅವರ ಊಟದ ಸೊಪ್ಪು ಆರಿಸುವುದೇ? ಊರಿಗೆ ಗೊತ್ತಾದರೆ ಸುಜಾತಾಳ ನೀರು ಸಾರೇ ವಾಸಿ ಎನ್ನುವಂತಾದೀತು. ಅತ್ತಿತ್ತ ನೋಡಿದಳು. ಮರಕ್ಕೆ ಕಟ್ಟಿದ್ದ ಆಡಿನ ಮರಿ ಮೇ ಎಂದಿತು. ಅಷ್ಟು ಸಾಕಾಯಿತು.

ಬುಟ್ಟಿ ತೆಗೆದುಕೊಂಡು ಸಾಲಿನ ಬಳಿ ಹೋಗಿ, ಆದಷ್ಟು ಸಲೀಸಾಗಿ ಅಂದಳು: "ಅಕ್ಕಾ, ಕಿರಕಸಾಲಿ, ಗೋಳಿ, ಅಣ್ಣಿ ಬಂದ್ರ ಬದುವಿಗೆ ಒಗೀಬ್ಯಾಡ್ರಿ, ಇದರಾಗ ಹಾಕ್ರಿ. ಆಡಿನ ಮರಿಗೆ ಬೇಕು."

ಎರ್ರಮ್ಮ ತಲೆ ಎತ್ತಿದಳು. ಆಕೆಯನ್ನು ನೋಡಿದಳು. ಬೀಡಿನಲ್ಲಿ ಕತ್ತರಿ ಮಸೆಯುತ್ತಿದ್ದ ಗಂಡಸರನ್ನು ನೋಡಿದಳು. ಮರದ ಕೆಳಗಿನ ಗೇಣುದ್ದದ ಮರಿಯನ್ನೂ ನೋಡಿದಳು.

"ಭಾಳ ಉಣ್ಣೋ ಮರಿ ಕಾಣತೈತಿ" ಎಂದಳು.

"ಹೂಂನಕ್ಕಾ, ಅದರ ಹೊಟ್ಟಿ ದೊಡ್ಡದು."

"ಆತು, ಇಡು."

ಗಾದೆಮ್ಮ ಬೀರಲಿಂಗೇಶನ ಬೈಕನ್ನೇ ಹೊರಡಿಸಿದಳು. ತಿನ್ನುವವನು ತರಲಿ! ಹಿಂದೆ ಕೂತು ಊರಿಗೆ ಹೋಗಿ, ಗುಂಡಿ ಎನ್ನುವ ದೊಡ್ಡ ಪಾತ್ರೆ ಎರಡು, ರಾಗಿ ಹಿಟ್ಟು, ಅಕ್ಕಿ, ಹುಣಸೆಹಣ್ಣು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ತಳದಲ್ಲಿ ಮೂರು ಚಮಚ ಉಳಿದಿದ್ದ ಎಣ್ಣೆಯ ಬಾಟಲಿ, ಮುದ್ದೆ ತಿರುವುವ ಕೋಲು, ಎಲ್ಲವನ್ನೂ ಮಡಿಲಲ್ಲಿ, ಕಂಕುಳಲ್ಲಿ, ತಲೆಯ ಮೇಲೆ ಹೇರಿಕೊಂಡು ಬಂದಳು. ಕೆಳಗಿನ ಹೊಲದ ಬೋರಿನಿಂದ ನಾಲ್ಕು ಕೊಡ ನೀರು ಹೊತ್ತಳು. ಮೂರು ಕಲ್ಲು ಹೂಡಿ ಬೆಂಕಿ ಹಾಕುವಷ್ಟರಲ್ಲಿ ಮೊದಲ ಬುಟ್ಟಿ ಸೊಪ್ಪು ಮಾಳಮ್ಮನ ಮುಂದೆ ಬಂದಿತ್ತು.

"ನೋಡು ಇಲ್ಲಿ" ಎಂದಳು ಮುದುಕಿ. "ಬೇರಿಲ್ಲ, ಮಣ್ಣಿಲ್ಲ, ಬಲಿತ ದಂಟಿಲ್ಲ. ಬರೇ ಚಿಗುರು. ಆರಿಸೋ ಕೆಲಸಾನ ಇಲ್ಲ."

"ಛಲೋ ಆತಲ್ಲತ್ತಿ!" ಎಂದು ಗಾದೆಮ್ಮ ಅದನ್ನು ನೀರಿಗೆ ಸುರಿದಳು. ಯಾಕೆ ಹಾಗೆ ಎಂದು ಯೋಚಿಸಲು ಆಕೆಗೆ ಪುರಸೊತ್ತು ಎಲ್ಲಿತ್ತು? ಇನ್ನೊಂದು ಬುಟ್ಟಿ ಬಂತು. ಮತ್ತೊಂದು ಬಂತು. ತೊಳೆದಳು, ಹೆಚ್ಚಿದಳು, ಗುಂಡಿಗೆ ತುಂಬಿದಳು. ಬೆಟ್ಟದಷ್ಟು ಸೊಪ್ಪು ಕುದಿಯುವಷ್ಟರಲ್ಲಿ ತಗ್ಗಿ ಅರ್ಧ ಗುಂಡಿಯಾಯಿತು. ಬೆಂದ ಹುರುಳಿಕಾಳಿನಲ್ಲಿ ಅರ್ಧ ಅದರೊಳಗೆ ಬಿತ್ತು, ಹಸಿಮೆಣಸಿನಕಾಯಿ ಬಿತ್ತು, ಹುಣಸೆಹುಳಿ ಬಿತ್ತು. ಮುದ್ದೆ ಕೋಲಿನ ತುದಿಯಿಂದಲೇ ಮಸೆದಳು. ಕೈ ಸೋತಾಗ ಮಾಳಮ್ಮ ಮಸೆದಳು. ಇತ್ತ ಇನ್ನೊಂದು ಒಲೆ ಹೂಡಿ ಅಕ್ಕಿ ನುಚ್ಚಿನಂತೆ ಬೇಯಿಸಿ ಹಿಟ್ಟು ಸುರಿದು ತಿರುವಿದರೆ, ಮುದ್ದೆ ಗುಂಡಿಯ ಅಂಚಿಗೆ ಉಬ್ಬಿ ಬಂತು. ಹೊಗೆಗೆ ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಕೊನೆಗೆ ಒಗ್ಗರಣೆ. ಮೂರು ಚಮಚ ಎಣ್ಣೆಯಲ್ಲಿ ಒಂದು ಹಿಡಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗಿ, ಒಣಮೆಣಸಿನಕಾಯಿ ಚಟಪಟ ಅಂದು, ಆ ಚುಯ್ ಎನ್ನುವ ಸದ್ದು ಸೊಪ್ಪಿನ ಮೇಲೆ ಬಿದ್ದದ್ದೇ ತಡ, ಬೀಡಿನಲ್ಲಿ ಕತ್ತರಿಗಳು ನಿಂತವು. ಬೀರಲಿಂಗೇಶ ಅರ್ಧ ಬೋಳಾದ ಕುರಿಯನ್ನು ಕಾಲಡಿ ಹಿಡಿದುಕೊಂಡೇ ಮೂಗು ಎತ್ತಿದ. "ಯಕ್ಕಾ, ಏನದು ವಾಸನಿ! ಕೈ ತೊಳಕೊಂಡು ಬರ್ಲೇನು?"

"ಆ ಕುರಿ ಮುಗಿಸಿ ಬಾರಪ್ಪಾ, ಅರ್ಧ ಅಂಗಿ ಹಾಕ್ಕೊಂಡು ಹೆಂಗ ತಿರುಗಾಡತೈತಿ ಅದು!"

ಹತ್ತೊಂಬತ್ತು ಜನ ಬೇವಿನ ನೆರಳಲ್ಲಿ ಎರಡು ಸಾಲು ಕೂತರು. ಗಾದೆಮ್ಮ ತಲೆಗೆ ಎರಡರಂತೆ ರೊಟ್ಟಿ ಹಾಕಿದಳು. ಮೇಲೆ ಒಂದು ಮುದ್ದೆ, ಬಿಸಿ ಬಿಸಿ, ಹೊಗೆಯಾಡುವುದು. ರೊಟ್ಟಿಗೆ ಕಾಳು ಪಲ್ಯ, ಗುರೆಳ್ಳು ಪುಡಿ. ಮುದ್ದೆಯ ಪಕ್ಕಕ್ಕೆ ಮಸೆದ ಸೊಪ್ಪು, ಸೌಟು ತುಂಬ, ಕೈ ಬಿಚ್ಚಿ. ಎರ್ರಮ್ಮನ ತಟ್ಟೆಗೂ ಬಿತ್ತು.

ಎರ್ರಮ್ಮ ತಟ್ಟೆಯೊಳಗೆ ಬಗ್ಗಿ ನೋಡಿದಳು. ಬೆರಳಿನಿಂದ ಸೊಪ್ಪನ್ನು ಸರಿಸಿ ಮತ್ತೆ ನೋಡಿದಳು.

"ಏನಬೇ ಗಾದೆಮ್ಮ. ಇದು ಆಡಿನ ಮರಿ ಪಾಲಿಂದು ಅಲ್ಲೇನು?"

ಗಾದೆಮ್ಮ ಸೌಟು ಗುಂಡಿಯೊಳಗೆ ಬಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಹೌದಕ್ಕಾ. ಹತ್ತು ಮಂದಿಗೆ ಅಂತ ಮಾಡಿದ್ದೆ. ಇವರು ಬರೋದು ನನಗ ಗೊತ್ತಿರಲಿಲ್ಲ. ನಿಮ್ಮ ಕೈಲೆ ಸೊಪ್ಪು ಆರಿಸಿಕೊಂಡೆ, ತಪ್ಪಾತು. ಬೈಯೋದಿದ್ರ ಉಂಡ ಮ್ಯಾಲ ಬೈರಿ. ಮುದ್ದಿ ಆರತೈತಿ."

ಎರ್ರಮ್ಮ ಮುದ್ದೆ ಮುರಿದು, ಸೊಪ್ಪಿನಲ್ಲಿ ಅದ್ದಿ, ಬಾಯಿಗಿಟ್ಟು ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ಗಾದೆಮ್ಮ ನೋಡುತ್ತ ನಿಂತೇ ಇದ್ದಳು.

"ನಿಂತು ನೋಡಾಕತ್ತೀಯಲ್ಲ" ಎಂದಳು ಎರ್ರಮ್ಮ ಬಾಯಿ ತುಂಬ. "ಇನ್ನೊಂದು ಸೌಟು ಹಾಕು."

ಅಬ್ಬಾ! ಆಮೇಲೆ ಬಡಿಸಿದ್ದೇ ಬಡಿಸಿದ್ದು. ಸೊಪ್ಪು ಎರಡನೇ ಸುತ್ತು ಹೋಯಿತು, ಮೂರನೇ ಸುತ್ತು ಹೋಯಿತು. ಅಳಿದುಳಿದ ಕಟ್ಟಿನ ಸಾರನ್ನು ಬೊಗಸೆಯಲ್ಲಿ ಹಾಕಿಸಿಕೊಂಡು ಕುಡಿದವರಿದ್ದರು. ಬೀರಲಿಂಗೇಶ ಮೂರನೇ ಮುದ್ದೆಗೆ ಕೈ ಅಡ್ಡ ಹಿಡಿದು "ಸಾಕಕ್ಕಾ, ಸಾಕು" ಎಂದಾಗ ಇಡೀ ಸಾಲು ಹೋ ಎಂದಿತು. ಬೀರಲಿಂಗೇಶನ ಬಾಯಿಂದ ಸಾಕು ಎಂಬ ಮಾತನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ.

ಎಲ್ಲರೂ ಎದ್ದರು. ಉಳಿದ ಎರಡು ರೊಟ್ಟಿ ಗಂಡನಿಗೊಂದು, ಅತ್ತೆಗೊಂದು. ಒಂದು ಗುಂಡಿಯ ತಳದಲ್ಲಿ ಮುದ್ದೆಯ ಹೊತ್ತಿದ ಸೀಕು, ಇನ್ನೊಂದರ ಅಂಚಿನಲ್ಲಿ ಒಂದಿಷ್ಟು ಸೊಪ್ಪು. ಅದನ್ನೇ ಕೆರೆದುಕೊಂಡು ಉಣ್ಣೋಣ ಎಂದು ಗಾದೆಮ್ಮ ಬಗ್ಗಿದಳು. ಯಾರೋ ಆಕೆಯ ಕೈ ಹಿಡಿದು ಕೂರಿಸಿದರು. ಎರ್ರಮ್ಮ. ಆಕೆಯ ಇನ್ನೊಂದು ಕೈಯಲ್ಲಿ ಸೆರಗಿನ ಮಡಿಕೆಯೊಳಗೆ ಇಟ್ಟಿದ್ದ ಒಂದು ರೊಟ್ಟಿ.

"ನನಗ ಎರಡು ಹಾಕಿದ್ದಿ. ಒಂದು ಎತ್ತಿಟ್ಟೀನಿ, ಎಂಜಲು ಮಾಡಿಲ್ಲ. ಉಣ್ಣು."

"ಅಕ್ಕಾ..."

"ಆ ಗಂಡಸ್ರು ಬಂದಾಗ ನಿನ್ನ ಮಾರಿ ನೋಡೀನಿ ನಾನು. ಮಾರಿ ನೋಡಾಕ ನೀರು ಸಾರ ಬೇಕೇನು?" ಎರ್ರಮ್ಮ ಪಕ್ಕದಲ್ಲೇ ಕುಕ್ಕರಿಸಿದಳು. "ಎಲ್ಲಾರಿಗೂ ಹೇಳಿದ್ದೆ, ಬೇರು ತಗೀರಿ, ಚಿಗುರಷ್ಟ ಹಾಕ್ರಿ ಅಂತ. ಆಡಿನ ಮರಿಗೆ ಅಂತ ಯಾರಾದ್ರೂ ಚಿಗುರು ಆರಿಸಿ ಕೊಡ್ತಾರೇನಬೇ, ಹುಚ್ಚಿ?"

ಗಾದೆಮ್ಮ ತಲೆ ಎತ್ತಿ ನೋಡಿದಳು. ಒಂಬತ್ತು ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು! ಬೆಳಗಿನಿಂದಲೂ ಗೊತ್ತಿತ್ತು! ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಆಕೆ ರೊಟ್ಟಿ ಮುರಿದು ಬಾಯಿಗಿಟ್ಟಳು. ಸೊಪ್ಪಿಗೆ ಉಪ್ಪು ಸರಿಯಾಗಿಯೇ ಬಿದ್ದಿತ್ತು. ಕಣ್ಣೀರು ಬಂದದ್ದಕ್ಕೆ ಈ ಸಲ ಹೊಗೆಯ ಹೆಸರು ಹೇಳುವ ಹಾಗಿರಲಿಲ್ಲ, ಒಲೆ ಆರಿ ಬಹಳ ಹೊತ್ತಾಗಿತ್ತು.

ಎರ್ರಮ್ಮ ಎದ್ದು ಗಂಡಸರ ಕಡೆ ತಿರುಗಿದಳು. ಅವರು ನೆರಳಿನಲ್ಲಿ ಟವೆಲು ಹಾಸುತ್ತಿದ್ದರು.

"ಏನ್ರಪ್ಪಾ, ಕುರಿ ಮುಗದಾವಲ್ಲ? ಉಂಡು ಮಲಗಾಕ ಬಂದೀರೇನು? ಏಳ್ರಿ, ಒಂದೊಂದು ಸಾಲು ಹಿಡೀರಿ. ಇವರ ಸೊಪ್ಪು ತಿಂದೋರು ಇವರ ಕಳಿ ಕೀಳಬೇಕು."

ಗೊಣಗಿದರು. ಆದರೂ ಎದ್ದರು, ಆ ಬಾಯಿಯ ಮುಂದೆ ಏಳದೆ ಇರುವವರು ಯಾರು? ಹತ್ತು ಜನಕ್ಕೆ ಎರಡು ದಿನ ಹಿಡಿಯಬೇಕಿದ್ದ ಹೊಲ, ಹತ್ತೊಂಬತ್ತು ಜನರ ಕೈಯಲ್ಲಿ ಹೊತ್ತು ಇಳಿಯುವ ಮುನ್ನವೇ ಮುಗಿಯುತ್ತ ಬಂತು. ಶೇಂಗಾ ಸಾಲುಗಳು ತಲೆ ಬಾಚಿದಂತೆ ಕಂಡವು. ಗಾದೆಮ್ಮ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿದ್ದಳು, ಹೊಟ್ಟೆ ತುಂಬಿದವಳ ಉತ್ಸಾಹದಲ್ಲಿ.

ಹೊರಡುವಾಗ ಎರ್ರಮ್ಮ ಕುರ್ಚಿಗೆ ಒರೆಸಿಕೊಳ್ಳುತ್ತ ಅಂದಳು: "ಬರೋ ಸೋಮವಾರ ಮತ್ತ ನಮ್ಮ ಹೊಲ. ನೀನು ಕಳಿಗೆ ಬರಬ್ಯಾಡ. ಅಡಿಗಿಗೆ ಬಾ. ಅದನ್ನ ಮುಯ್ಯಿ ಅಂತ ಹಿಡೀತೀವಿ."

ಆ ಊರಲ್ಲಿ ಅಡುಗೆಯನ್ನು ಯಾರೂ ಇದುವರೆಗೆ ಮುಯ್ಯಿ ಎಂದು ಹಿಡಿದಿರಲಿಲ್ಲ. ಕಳೆ ಕಿತ್ತರೆ ಕೆಲಸ, ಕಲ್ಲು ಆರಿಸಿದರೆ ಕೆಲಸ. ಇಪ್ಪತ್ತು ಜನಕ್ಕೆ ಬೇಯಿಸಿ ಹಾಕುವುದು ಸುಮ್ಮನೆ ಹೆಂಗಸರ ಪಾಡು.

"ನಿಮ್ಮ ಹೊಲದಾಗ ಸೊಪ್ಪೆಲ್ಲೈತಕ್ಕಾ? ಔಷಧ ಹೊಡೆದು ಸುಟ್ಟೀರಿ" ಎಂದಳು ಗಾದೆಮ್ಮ.

"ಬದುವಿಗೆ ಹೊಡಸಂಗಿಲ್ಲ ಇನ್ನು. ಈಗ ಹೋಗಿ ಮನಿಯವರಿಗೆ ಹೇಳ್ತೀನಿ." ನಾಲ್ಕು ಹೆಜ್ಜೆ ಹೋದ ಎರ್ರಮ್ಮ ತಿರುಗಿ ನಿಂತು ಕೂಗಿದಳು: "ಬರೋವಾಗ ಆ ಆಡಿನ ಮರೀನೂ ಹೊಡಕೊಂಡು ಬಾ. ಅದಕ್ಕೂ ಒಂದು ತಟ್ಟಿ ಹಾಕಾಮು!"

ಹೆಂಗಸರ ನಗು ದಾರಿಯುದ್ದಕ್ಕೂ ಕೇಳಿಸುತ್ತಿತ್ತು. ಗಾದೆಮ್ಮ ಮರದ ಬಳಿ ಬಂದಳು. ದಿನವಿಡೀ ಹಸಿದು ಮೇ ಮೇ ಎಂದು ಗಂಟಲು ಹರಿದುಕೊಂಡಿದ್ದ ಮರಿಯ ಮುಂದೆ, ಬದುವಿನಲ್ಲಿ ಬಿದ್ದಿದ್ದ ಬಲಿತ ದಂಟುಗಳನ್ನೆಲ್ಲ ಎರಡು ಕೈಯಿಂದ ಬಾಚಿ ತಂದು ಸುರಿದಳು.

"ತಿನ್ನಪ್ಪಾ, ತಿನ್ನು" ಎಂದಳು. "ಇವತ್ತು ನಮ್ಮ ಮಾನ ಕಾಯ್ದೋನು ನೀನ."